ಅದು, ಅವನು: ಫ್ರಾಂಕೆನ್‌ಸ್ಟೈನ್ ಕಥೆಗೆ ನಾವು ಕಟ್ಟಿದ ಆಲ್ಬಂ

ಹಾಡು ಬರೆಯಲು ಕೂತಾಗ ನನಗೆ ಮೊದಲು ಅಡ್ಡ ಬಂದದ್ದು ಒಂದು ಕ್ರಿಯಾಪದ. ನವೆಂಬರಿನ ರಾತ್ರಿ. ಮಳೆ. ಮೇಣದ ಬತ್ತಿ ಮುಗಿಯುತ್ತಾ ಬಂದಿದೆ. ವಿಕ್ಟರ್ ಫ್ರಾಂಕೆನ್‌ಸ್ಟೈನ್ ಎರಡು ವರ್ಷ ಕಷ್ಟಪಟ್ಟು ಕಟ್ಟಿದ ದೇಹಕ್ಕೆ ಜೀವ ಬರುತ್ತದೆ. ಇದನ್ನು ಹೇಗೆ ಹಾಡುವುದು? ‘ಕಣ್ಣು ಬಿಟ್ಟಿತು’ ಅನ್ನಬೇಕೋ, ‘ಕಣ್ಣು ಬಿಟ್ಟ’ ಅನ್ನಬೇಕೋ?

ಮೇರಿ ಶೆಲ್ಲಿಯ ಈ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಎಷ್ಟೋ ಸಲ ಓದಿದ್ದೆ, ಈ ಪ್ರಶ್ನೆ ಹೊಳೆದಿರಲಿಲ್ಲ. ಮತ್ತೆ ತೆಗೆದು ನೋಡಿದೆ. ವಿಕ್ಟರ್ ಮೊದಲ ಉಸಿರಿಗೆ ‘ಅದು’ ಅನ್ನುತ್ತಾನೆ. ಸ್ವಲ್ಪ ಮುಂದೆ ಹೋದರೆ ಕೈಕಾಲು ‘ಅವನದು’ ಆಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಈ ಬದಲಾವಣೆ ಕಣ್ಣಿಗೆ ಬೀಳದೆ ಜಾರಿ ಹೋಗುತ್ತದೆ. ಕನ್ನಡದಲ್ಲಿ ಜಾರುವುದಿಲ್ಲ. ಪ್ರತಿ ಕ್ರಿಯಾಪದದ ಕೊನೆಯಲ್ಲೂ ನೀವು ತೀರ್ಮಾನ ಮಾಡಬೇಕು. ಬಂತೋ, ಬಂದನೋ. ನಕ್ಕಿತೋ, ನಕ್ಕನೋ.

ಆ ಒಂದು ಪದಕ್ಕೆ ನನಗೆ ಎರಡು ವಾರ ಹಿಡಿಯಿತು. ಆಲ್ಬಂ ನಿಜವಾಗಿ ಶುರುವಾದದ್ದು ಆಗಲೇ.

ನಾನು ಕೀಬೋರ್ಡ್ ನುಡಿಸುತ್ತೇನೆ. ಚಿಕ್ಕವನಿದ್ದಾಗ ಆರು ವರ್ಷ ಮೃದಂಗ ಕಲಿತಿದ್ದೆ. ಬೆಂಗಳೂರಿನಲ್ಲಿ ನಾವು ನಾಲ್ಕು ಜನ ಗೆಳೆಯರು ವಾರಕ್ಕೊಮ್ಮೆ ಬಾಡಿಗೆಯ ಜಾಮ್ ರೂಮಿನಲ್ಲಿ ಸೇರುತ್ತಿದ್ದೆವು. ನಮ್ಮೆಲ್ಲರಿಗೂ ಎಪ್ಪತ್ತರ ದಶಕದ ಪ್ರೊಗ್ರೆಸಿವ್ ರಾಕ್ ಹುಚ್ಚು. ಹಾಡು ಮೂರು ನಿಮಿಷಕ್ಕೆ ಮುಗಿಯಬೇಕು ಅನ್ನುವ ಕಟ್ಟಿಲ್ಲ, ತಾಳ ನಡುವೆ ಬದಲಾಗಬಹುದು, ಒಂದು ಆಲ್ಬಂ ಪೂರ್ತಿ ಒಂದೇ ಕಥೆ ಹೇಳಬಹುದು. ಭಯ, ಕತ್ತಲೆ ತುಂಬಿದ ಗಾಥಿಕ್ ಕಥೆಗಳನ್ನು ಹೀಗೆ ಸಂಗೀತಕ್ಕೆ ತಂದವರು ನಮಗಿಂತ ಮೊದಲೇ ಇದ್ದಾರೆ. 1976ರಲ್ಲಿ ಅಲನ್ ಪಾರ್ಸನ್ಸ್ ಪ್ರಾಜೆಕ್ಟ್ ಅನ್ನುವ ಬ್ರಿಟಿಷ್ ತಂಡ ತನ್ನ ಮೊದಲ ಆಲ್ಬಮನ್ನೇ ಎಡ್ಗರ್ ಅಲನ್ ಪೋ ಬರಹಗಳ ಮೇಲೆ ಮಾಡಿತು. ಅದರಲ್ಲಿ ಅಶರ್ ಮನೆತನದ ಕಥೆಗೆ ಹಾಡೇ ಇಲ್ಲ. ಹದಿನೈದು ನಿಮಿಷಕ್ಕೂ ಜಾಸ್ತಿ ಬರೀ ವಾದ್ಯ. ಮನೆ ಕುಸಿಯುವುದು ಕಿವಿಗೇ ಗೊತ್ತಾಗುತ್ತದೆ. ಕಾಲೇಜಿನಲ್ಲಿದ್ದಾಗ ಅದನ್ನು ಕೇಳಿದ ರಾತ್ರಿ ನನಗಿನ್ನೂ ನೆನಪಿದೆ.

ನಾವು ಆರಿಸಿದ್ದು ಮೇರಿ ಶೆಲ್ಲಿಯ ಕಾದಂಬರಿ. 1818ರ ಜನವರಿಯಲ್ಲಿ ಲೇಖಕಿಯ ಹೆಸರಿಲ್ಲದೆ ಮೂರು ಸಂಪುಟಗಳಲ್ಲಿ ಬಂತು, 500 ಪ್ರತಿ. ಅದರ ಕಟ್ಟಡವೇ ಸಂಗೀತದ ಕಟ್ಟಡದಂತಿದೆ. ಹೊರಗೆ ಉತ್ತರ ಧ್ರುವದ ಕಡೆ ಹೊರಟ ಹಡಗಿನ ವಾಲ್ಟನ್ ತನ್ನ ಅಕ್ಕನಿಗೆ ಬರೆಯುವ ಪತ್ರ. ಅದರೊಳಗೆ ವಿಕ್ಟರ್ ಹೇಳುವ ಕಥೆ. ಅದರೊಳಗೆ ಅವನು ಹುಟ್ಟಿಸಿದ ಜೀವ ಹೇಳುವ ಕಥೆ. ಅದರೊಳಗೆ ಕಾಡಿನ ಗುಡಿಸಲಿನ ಒಂದು ಬಡ ಕುಟುಂಬದ ಕಥೆ. ಆಮೇಲೆ ಒಂದೊಂದೇ ಬಾಗಿಲು ದಾಟಿ ಮತ್ತೆ ಹಡಗಿಗೆ. ನಾವು ಅದೇ ಕ್ರಮ ಇಟ್ಟುಕೊಂಡೆವು. ಹಡಗಿನ ರಿಫ್‌ನಿಂದ (ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗುಚ್ಛ) ಶುರು, ಹಡಗಿನ ರಿಫ್‌ಗೆ ವಾಪಸ್.

ಕಥೆಯನ್ನು ಮಲೆನಾಡಿಗೆ ತರೋಣ ಅಂತ ಗಿಟಾರ್ ಗೆಳೆಯ ಹೇಳಿದ್ದ. ನಾನು ಒಪ್ಪಲಿಲ್ಲ. ಜಿನೀವಾ, ವಿಕ್ಟರ್ ಓದಲು ಹೋದ ಇಂಗೋಲ್‌ಸ್ಟಾಟ್, ಶಾಮೊನಿಯ ಹಿಮನದಿ, ಆರ್ಕ್ನಿ ದ್ವೀಪ ಇವೆಲ್ಲ ಈ ಕಥೆಯ ಮೈಗೆ ಅಂಟಿವೆ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿಯಿಂದ ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. 1816ರ ಜೂನ್‌ನಲ್ಲಿ ಜಿನೀವಾ ಸರೋವರದ ದಡದಲ್ಲಿ ಮಳೆಗೆ ಹೊರಗೆ ಹೋಗಲಾಗದೆ ಕೂತ ಗೆಳೆಯರು ದೆವ್ವದ ಕಥೆ ಬರೆಯೋಣ ಅಂದುಕೊಂಡರು. ಮೇರಿಗೆ ಆಗ ಹದಿನೆಂಟು. ಆ ಚಳಿ ಇಲ್ಲದೆ ಈ ಕಥೆ ಇಲ್ಲ. ಊರು ಅಲ್ಲಿನದೇ ಇರಲಿ, ಮಾತು ಮಾತ್ರ ನಮ್ಮದು ಅಂತ ತೀರ್ಮಾನಿಸಿದೆವು.

ಮಳೆಯ ಸದ್ದು ಹಿಡಿಯುವುದರಲ್ಲೇ ಇದರ ಮೊದಲ ಪಾಠ ಆಯಿತು. ನಮ್ಮ ಮನೆಯ ಶೀಟಿನ ಮೇಲೆ ಬಿದ್ದ ಮಳೆಯನ್ನು ಅರ್ಧ ಗಂಟೆ ರೆಕಾರ್ಡ್ ಮಾಡಿದ್ದೆ. ಕೇಳಲು ಬಹಳ ಚೆನ್ನಾಗಿತ್ತು. ಆದರೆ ಕಣ್ಣು ಮುಚ್ಚಿದರೆ ಅಡಿಕೆ ತೋಟ ಕಾಣುತ್ತಿತ್ತು. ಕಾದಂಬರಿಯಲ್ಲಿ ಮಳೆ ಬೀಳುವುದು ಕಿಟಕಿಯ ಗಾಜಿಗೆ. ಕೊನೆಗೆ ಮೈಕನ್ನು ಕೋಣೆಯ ಒಳಗೆ ಗಾಜಿನ ಪಕ್ಕ ಇಟ್ಟು, ತಮ್ಮನನ್ನು ಹೊರಗೆ ನಿಲ್ಲಿಸಿ, ಗಿಡಕ್ಕೆ ನೀರು ಹಾಕುವ ಪೈಪಿನ ಬಾಯಿ ಒತ್ತಿ ಹನಿ ಹನಿಯಾಗಿ ಬಿಡಿಸಿದೆ. ಮಂಕಾದ, ಒಳಗಿನಿಂದ ಕೇಳಿಸುವ ಮಳೆ. ಅದೇ ಸರಿಯಾಯಿತು.

ಈಗ ಆ ಕ್ರಿಯಾಪದಕ್ಕೆ ಬರುತ್ತೇನೆ. ‘ಕಣ್ಣು ಬಿಟ್ಟಿತು’ ಅಂತ ಬರೆದರೆ ಪ್ರಾಣಿಯ ಹಾಗೆ ಕೇಳಿಸುತ್ತದೆ ಅನ್ನುವುದು ನನ್ನ ಭಯ. ಒಂದು ಸಂಜೆ ಪಕ್ಕದ ಮನೆಯ ಬಾಣಂತಿಯನ್ನು ನೋಡಿ ಬಂದ ಅಮ್ಮ, “ಈಗ ತಾನೇ ಎದ್ದಿತ್ತು ಕಣೋ, ಕಣ್ಣು ಬಿಟ್ಟು ನನ್ನೇ ನೋಡ್ತು” ಅಂದರು. ನನಗೆ ಮೈ ಜುಮ್ಮೆಂದಿತು. ಕೂಸನ್ನೂ ನಾವು ‘ಅದು’ ಅನ್ನುತ್ತೇವಲ್ಲ! ಅಳ್ತು, ನಕ್ತು, ಮಲಗ್ತು. ಅದಕ್ಕಿಂತ ಅಕ್ಕರೆಯ ಪದ ಕನ್ನಡದಲ್ಲಿ ಯಾವುದಿದೆ? ಅಂದರೆ ವಿಕ್ಟರ್ ಬಾಯಲ್ಲಿ ಬರುವ ‘ಅದು’ ಅಸಹ್ಯವೂ ಆಗಬಹುದು, ಅಕ್ಕರೆಯೂ ಆಗಬಹುದು. ಅವನು ಆರಿಸಿಕೊಂಡದ್ದು ಯಾವುದು ಅನ್ನುವುದೇ ಕಥೆ.

ಮೇರಿಯ ಬದುಕು ಗೊತ್ತಿದ್ದವರಿಗೆ ಇದು ಇನ್ನೂ ಚುಚ್ಚುತ್ತದೆ. ಅವಳು ಹುಟ್ಟಿ ಹನ್ನೊಂದನೇ ದಿನಕ್ಕೆ ತಾಯಿ ತೀರಿಕೊಂಡಳು. 1815ರಲ್ಲಿ, ಈ ಕಥೆ ಬರೆಯುವ ಹಿಂದಿನ ವರ್ಷ, ದಿನ ತುಂಬದೆ ಹುಟ್ಟಿದ ಅವಳ ಮೊದಲ ಮಗು ಸತ್ತಿತು. ಆಮೇಲೆ ಅವಳು ದಿನಚರಿಯಲ್ಲಿ ಒಂದು ಕನಸು ಬರೆದಿಟ್ಟಿದ್ದಾಳೆ. ಮಗುವಿಗೆ ಬರೀ ಚಳಿ ಹಿಡಿದಿತ್ತಂತೆ, ಬೆಂಕಿಯ ಮುಂದೆ ಮೈ ಉಜ್ಜಿದಾಗ ಬದುಕಿಕೊಂಡಿತಂತೆ. ಇದನ್ನು ಓದಿದ ಮೇಲೆ ನಾನು ಆ ಜೀವವನ್ನು ರಾಕ್ಷಸನ ಗಂಟಲಿನಲ್ಲಿ ಹಾಡಿಸುವ ಯೋಚನೆ ಬಿಟ್ಟುಬಿಟ್ಟೆ. 1931ರ ಹಾಲಿವುಡ್ ಚಿತ್ರದಿಂದಾಗಿ ಲೋಕಕ್ಕೆಲ್ಲ ಅವನು ಗುರುಗುಟ್ಟುವ ಮೂಕ. ಪುಸ್ತಕದಲ್ಲಿ ಅವನಷ್ಟು ಚೆನ್ನಾಗಿ ಮಾತಾಡುವವರು ಬೇರೆ ಯಾರೂ ಇಲ್ಲ.

ಹಾಗಾಗಿ ಆಲ್ಬಮಿಗೆ ಒಂದು ನಿಯಮ ಹಾಕಿಕೊಂಡೆವು. ವಿಕ್ಟರ್ ಕೊನೆಯವರೆಗೂ ‘ಅದು’ ಎಂದೇ ಹಾಡುತ್ತಾನೆ. ಜೀವ ತನ್ನನ್ನು ‘ನಾನು’ ಅನ್ನುತ್ತದೆ. ವಾಲ್ಟನ್ ‘ಅದು’ವಿನಿಂದ ಶುರು ಮಾಡಿ ಕೊನೆಯ ನುಡಿಯಲ್ಲಿ ‘ಅವನು’ ಎನ್ನುತ್ತಾನೆ.

ಸ್ವರಗಳಲ್ಲೂ ಹೀಗೇ ಏನಾದರೂ ಬೇಕಿತ್ತು. ವಿಕ್ಟರ್ ಹೆಣ ಕೊಯ್ಯುವ ಕೋಣೆಯಿಂದ, ಕಸಾಯಿಖಾನೆಯಿಂದ ತುಂಡು ತಂದು ದೇಹ ಕಟ್ಟುತ್ತಾನೆ. ನಾನೂ ಆ ಜೀವದ ರಾಗವನ್ನು ಹಾಗೇ ಕಟ್ಟಿದೆ. ವಿಕ್ಟರ್ ತಾಯಿಯ ಜೋಗುಳದಿಂದ ಮೂರು ಸ್ವರ, ಇಂಗೋಲ್‌ಸ್ಟಾಟಿನ ಆರ್ಗನ್ ತುಣುಕಿನಿಂದ ನಾಲ್ಕು, ಹಡಗಿನ ರಿಫ್‌ನಿಂದ ಎರಡು. ಒಂದೊಂದನ್ನೂ ಅದರದರ ಶ್ರುತಿಯಲ್ಲೇ ಬಿಟ್ಟೆ. ಹೊಲಿಗೆ ಕಾಣಬೇಕು ಅನ್ನುವುದು ಉದ್ದೇಶ. ಮೊದಲ ಸಲ ಕೇಳಿದಾಗ ಕಿವಿಗೆ ಕಷ್ಟವಾಗುತ್ತದೆ.

ಇದನ್ನು ನುಡಿಸಿದ್ದು ಮೆಲ್ಲೊಟ್ರಾನ್ ದನಿಯಲ್ಲಿ. ಅರವತ್ತು ಎಪ್ಪತ್ತರ ದಶಕದ ಆ ವಾದ್ಯದಲ್ಲಿ ಪ್ರತಿ ಕೀಲಿಯ ಕೆಳಗೂ ಒಂದು ಟೇಪಿನ ಪಟ್ಟಿ ಇರುತ್ತದೆ. ಯಾರೋ ಎಂದೋ ಹಾಡಿದ, ನುಡಿಸಿದ ಒಂದೊಂದೇ ಸ್ವರ ಅದರಲ್ಲಿದೆ. ಕೀಲಿ ಒತ್ತಿದರೆ ಟೇಪು ಓಡುತ್ತದೆ, ಸುಮಾರು ಎಂಟು ಸೆಕೆಂಡಿಗೆ ಮುಗಿಯುತ್ತದೆ. ಬೆರಳು ಒತ್ತಿಯೇ ಇದ್ದರೂ ದನಿ ನಿಂತುಹೋಗುತ್ತದೆ. ಬೇರೆ ಬೇರೆ ಜನರ ಉಸಿರಿನ ತುಂಡುಗಳಿಂದ ಕಟ್ಟಿದ ವಾದ್ಯ. ಈ ಕಥೆಗೆ ಇದಕ್ಕಿಂತ ಒಪ್ಪುವ ವಾದ್ಯ ನನಗೆ ತೋಚಲಿಲ್ಲ. ನನ್ನ ಹತ್ತಿರ ಇರುವುದು ಅದರ ದನಿಗಳ ಕಂಪ್ಯೂಟರ್ ರೂಪ ಮಾತ್ರ. ಆದರೂ ಎಂಟು ಸೆಕೆಂಡಿನ ಮಿತಿಯನ್ನು ಬಿಡದೆ ಪಾಲಿಸಿದೆ.

ಆಲ್ಬಮಿನ ನಡುವಿನ ಹಾಡು ಹದಿನೇಳು ನಿಮಿಷದ್ದು. ನಾನು ಅತಿ ಹೆಚ್ಚು ದಿನ ಕಳೆದದ್ದು ಅದರೊಳಗೆ. ಆ ಜೀವ ಹಕ್ಕಿಗಳ ಹಾಡನ್ನು ಅನುಕರಿಸಲು ಹೋಗುತ್ತಾನೆ, ಆಗುವುದಿಲ್ಲ. ತನ್ನ ಗಂಟಲಿನಿಂದ ಬಂದ ದನಿಗೆ ತಾನೇ ಹೆದರಿ ಸುಮ್ಮನಾಗುತ್ತಾನೆ. ಆಮೇಲೆ ಗುಡಿಸಲಿನ ಪಕ್ಕದ ಕೊಟ್ಟಿಗೆಯಲ್ಲಿ ಅಡಗಿ, ಸಂದಿಯಿಂದ ಆ ಮನೆಯವರನ್ನು ನೋಡುತ್ತಾ ಮಾತು ಕಲಿಯುತ್ತಾನೆ. ಮೊದಲು ಕಲಿತ ಪದಗಳು ನಾಲ್ಕು: ಬೆಂಕಿ, ಹಾಲು, ರೊಟ್ಟಿ, ಸೌದೆ. ಮೇರಿ ಶೆಲ್ಲಿ ಬರೆದದ್ದೇ ಇವು. ಹಾಡಿನ ಮೊದಲ ನುಡಿಯಲ್ಲಿ ಈ ನಾಲ್ಕೇ ಪದ ಇರಲಿ ಅಂದುಕೊಂಡೆ.

ಅವನ ನಡೆಗೆ ನಾವು ಇಟ್ಟಿದ್ದು ಏಳರ ಎಣಿಕೆ. ತಕಿಟ ತಕಧಿಮಿ, ಕರ್ನಾಟಕ ಸಂಗೀತದ ಮಿಶ್ರ ಚಾಪು ತಾಳ. ಆದರೆ ಬೆಂಕಿ, ಹಾಲು, ರೊಟ್ಟಿ, ಸೌದೆ ನಾಲ್ಕೂ ಮೂರು ಮೂರು ಮಾತ್ರೆ. ಏಳರಲ್ಲಿ ಕೂರುವುದೇ ಇಲ್ಲ. ಜೋಕಾಲಿಯ ಹಾಗೆ ತೂಗುತ್ತಿತ್ತು. ಮೂರು ವಾರ ಒದ್ದಾಡಿದೆವು. ಒಂದು ದಿನ ಡ್ರಮ್ಸ್ ಗೆಳೆಯ, “ನಮ್ಮೂರಲ್ಲಿ ಸೌದೆ ಅನ್ನಲ್ಲಪ್ಪ, ಕಟ್ಟಿಗೆ ಅಂತೀವಿ” ಅಂದ. ಕಟ್ಟಿಗೆ! ನಾಲ್ಕು ಮಾತ್ರೆ. ‘ಬೆಂಕಿ ಕಟ್ಟಿಗೆ’, ಮೂರು ನಾಲ್ಕು ಏಳು. ‘ಹಾಲು ರೊಟ್ಟಿ’ಗೆ ಒಂದು ಮಾತ್ರೆ ಕಡಿಮೆ ಬೀಳುತ್ತದೆ. ಅದನ್ನು ತುಂಬಲು ಹೋಗಲಿಲ್ಲ. ಆ ಖಾಲಿ ಜಾಗದಲ್ಲಿ ಹಾಡುವವನು ಉಸಿರು ಎಳೆದುಕೊಳ್ಳುತ್ತಾನೆ. ಹಸಿದವನ ಉಸಿರು ಅಲ್ಲಿ ಕೇಳಿಸುತ್ತದೆ.

ಆ ಮನೆಯ ಕುರುಡ ಮುದುಕ ಡಿ ಲೇಸಿ ಗಿಟಾರ್ ನುಡಿಸುತ್ತಾನೆ. ಇದು ನಾವು ಸೇರಿಸಿದ್ದಲ್ಲ, ಕಾದಂಬರಿಯಲ್ಲೇ ಇದೆ. ಮಕ್ಕಳು ಹೊರಗೆ ಹೋದ ದಿನ ಅವನು ಒಬ್ಬನೇ ಕೂತು ದುಃಖದ ಒಂದೆರಡು ರಾಗ ನುಡಿಸುತ್ತಾನೆ. ಆಗ ಆ ಜೀವ ಧೈರ್ಯ ಮಾಡಿ ಬಾಗಿಲು ತಟ್ಟುತ್ತದೆ. ನಮ್ಮ ಗಿಟಾರ್ ಗೆಳೆಯನಿಗೆ ಎಲೆಕ್ಟ್ರಿಕ್ ಬೇಡ, ನೈಲಾನ್ ತಂತಿಯ ಗಿಟಾರ್ ಸಾಕು, ಒಂದೇ ಮೈಕ್ ಅಂದೆ. ಬೆರಳು ತಂತಿಯ ಮೇಲೆ ಜಾರುವ ಸದ್ದನ್ನೂ ಉಳಿಸಿಕೊಂಡೆವು.

ಕಣ್ಣು ಕಾಣದ ಆ ಮುದುಕ ಬಂದವನನ್ನು ಹೇಗೆ ಮಾತಾಡಿಸುತ್ತಾನೆ? ಯಾರೋ ದಾರಿಹೋಕ ಅಂದುಕೊಂಡು ಮರ್ಯಾದೆಯಿಂದ. ಕನ್ನಡದಲ್ಲಿ ಅದಕ್ಕೆ ಬಹುವಚನ ಇದೆ. ಇಡೀ ಆಲ್ಬಮಿನಲ್ಲಿ ಆ ಜೀವವನ್ನು ‘ನೀವು’ ಅನ್ನುವವನು ಅವನೊಬ್ಬನೇ. ಆ ಸಾಲನ್ನು ನನ್ನ ಅಪ್ಪನಿಂದ ಹೇಳಿಸಿದೆ. ಅವರಿಗೆ ಕಥೆ ಗೊತ್ತಿರಲಿಲ್ಲ. “ಬಾಗಿಲಲ್ಲಿ ಯಾರೋ ಬಂದಿದ್ದಾರೆ ಅಂದುಕೊಂಡು ಕರೀರಿ” ಅಂದೆ. “ಬನ್ನಿ, ಒಳಗೆ ಬನ್ನಿ, ಕೂತ್ಕೊಳ್ಳಿ” ಅಂದರು. ಮನೆಗೆ ಬಂದ ಯಾರಿಗಾದರೂ ಅವರು ಹೇಳುವ ಹಾಗೇ. ಒಂದೇ ಟೇಕ್. ಹಾಡುವ ಗೆಳೆಯ ಹೆಡ್‌ಫೋನಿನಲ್ಲಿ ಅದನ್ನು ಕೇಳಿ ತನ್ನ ಮುಂದಿನ ಸಾಲು ಹಾಡಲಾಗದೆ ನಿಂತುಬಿಟ್ಟ. ಆ ದಿನ ಅಲ್ಲಿಗೇ ನಿಲ್ಲಿಸಿದೆವು.

ಕಥೆಯ ಕೊನೆಗೆ ವಿಕ್ಟರ್ ಆ ಜೀವವನ್ನು ಹಿಮದ ಮೇಲೆ ಬೆನ್ನಟ್ಟುತ್ತಾನೆ. ಅದನ್ನು ಸಂಗೀತದಲ್ಲಿ ಹಿಡಿಯುವುದು ಬೇರೆಯೇ ಕಷ್ಟ. ಅಲ್ಲಿ ವಿಕ್ಟರ್‌ಗೆ ಐದರ ಎಣಿಕೆ, ಬೇಸ್ ಮತ್ತು ಆರ್ಗನ್ನಿನಲ್ಲಿ. ಮುಂದೆ ಓಡುವವನಿಗೆ ಅದೇ ಏಳು, ಡ್ರಮ್ಸ್‌ನಲ್ಲಿ. ಎರಡೂ ಒಟ್ಟಿಗೆ ಓಡುತ್ತವೆ, 35 ಮಾತ್ರೆಗೊಮ್ಮೆ ಮಾತ್ರ ಸಮದಲ್ಲಿ, ಅಂದರೆ ಆವರ್ತದ ಮೊದಲ ಪೆಟ್ಟಿನಲ್ಲಿ, ಸೇರುತ್ತವೆ. ಹಿಡಿದೇಬಿಟ್ಟ ಅನ್ನುವಷ್ಟರಲ್ಲಿ ಮತ್ತೆ ದೂರ. ಕಂಪ್ಯೂಟರಿನ ಕ್ಲಿಕ್ ಹಾಕಿಕೊಂಡು ನುಡಿಸಿದರೆ ನಾಲ್ಕನೇ ಆವರ್ತಕ್ಕೆ ಯಾರಾದರೊಬ್ಬರು ತಪ್ಪುತ್ತಿದ್ದರು. ಕೊನೆಗೆ ಕ್ಲಿಕ್ ತೆಗೆದು ನಾನೇ ತಕಿಟ ತಕಧಿಮಿ ಹೇಳಿ ಒಂದು ಟ್ರ್ಯಾಕ್ ಮಾಡಿಕೊಟ್ಟೆ, ಬೇಸ್‌ನವನಿಗೆ ತಕ ತಕಿಟ ಬೇರೆ. ಒಂದೇ ಸಂಜೆಯಲ್ಲಿ ಮುಗಿಯಿತು. ಬರೀ ಟಿಕ್ ಟಿಕ್ ಬದಲು ಮನುಷ್ಯನ ಬಾಯಿಂದ ಬಂದ ಎಣಿಕೆ ಇದ್ದರೆ ಕೈ ತಾನೇ ದಾರಿ ಹಿಡಿಯುತ್ತದೆ.

ಪುಸ್ತಕದಲ್ಲಿ ಓಡುವವನು ಹಿಂದೆ ಬರುವವನಿಗಾಗಿ ಗುರುತು ಬಿಡುತ್ತಾ ಹೋಗುತ್ತಾನೆ. ಒಂದು ಕಡೆ ಸತ್ತ ಮೊಲ ಇಟ್ಟಿದ್ದೇನೆ, ತಿಂದು ಸುಧಾರಿಸಿಕೋ ಅಂತ ಬರೆದಿಡುತ್ತಾನೆ. ಆ ಜಾಗಕ್ಕೆ ಒಂದು ಸಮದಲ್ಲಿ ಎಲ್ಲ ವಾದ್ಯ ನಿಲ್ಲಿಸಿದೆವು. ಜೋಗುಳದ ಮೂರು ಸ್ವರ ಮಾತ್ರ. ಆಮೇಲೆ ಮತ್ತೆ ಓಟ.

ಮೊದಲ ಕರಡು 83 ನಿಮಿಷ ಇತ್ತು. ಈಗ 51. ನನ್ನ ನಾಲ್ಕು ನಿಮಿಷದ ಕೀಬೋರ್ಡ್ ಸೋಲೋ ಹೋಯಿತು, ಅದಕ್ಕೆ ಬೇಜಾರಿಲ್ಲ. ಮಾಡದ ಕೊಲೆಗೆ ಗಲ್ಲಿಗೇರುವ ಜಸ್ಟಿನ್‌ಳ ಹಾಡನ್ನು ತೆಗೆದದ್ದು ಮಾತ್ರ ಇವತ್ತಿಗೂ ನೋಯುತ್ತದೆ. ಅವಳ ಕಥೆ ಬಂದರೆ ಕೇಳುಗರು ಅಲ್ಲೇ ನಿಂತುಬಿಡುತ್ತಿದ್ದರು, ಗುಡಿಸಲಿನವರೆಗೆ ಬರುತ್ತಿರಲಿಲ್ಲ. ಅವಳಿಗೆಂದೇ ಬೇರೆ ಹಾಡು ಮಾಡಬೇಕು.

ಮಿಕ್ಸ್ ಕೇಳಿದ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. “ಹುಟ್ಟಿಸಿ ಹೆಸರೂ ಇಡ್ಲಿಲ್ವಾ?” ಇಲ್ಲಮ್ಮ, ಪುಸ್ತಕದ ಕೊನೆಯವರೆಗೂ ಹೆಸರಿಲ್ಲ ಅಂದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ.

ಕೊನೆಯ ಹಾಡಿನಲ್ಲಿ ವಿಕ್ಟರ್ ಸತ್ತಿದ್ದಾನೆ. ಆ ಜೀವ ಹಡಗಿನ ಕಿಟಕಿಯಿಂದ ಮಂಜಿನ ತುಂಡಿನ ಮೇಲೆ ಹಾರಿ ಕತ್ತಲಲ್ಲಿ ದೂರ ಹೋಗುತ್ತಾನೆ. ವಾಲ್ಟನ್ ಪಾತ್ರದ ಗೆಳೆಯ ಅಭ್ಯಾಸಬಲದಿಂದ ‘ಮರೆಯಾಯಿತು’ ಅಂತ ಹಾಡಿಬಿಟ್ಟಿದ್ದ. ಆ ಟೇಕ್ ಶ್ರುತಿ, ಭಾವ ಎರಡರಲ್ಲೂ ಚೆನ್ನಾಗಿತ್ತು. ಆದರೂ ಮತ್ತೆ ಹಾಡಿಸಿದೆ. ಆರನೇ ಸಲಕ್ಕೆ ‘ಮರೆಯಾದ’ ಸರಿಯಾಗಿ ಕೂತಿತು, ದನಿ ಸ್ವಲ್ಪ ನಡುಗಿದೆ. ಅದರ ಹಿಂದೆ ಕುರುಡ ಮುದುಕನ ಗಿಟಾರಿನ ರಾಗ ಬರುತ್ತದೆ, ಈ ಸಲ ಮೆಲ್ಲೊಟ್ರಾನಿನಲ್ಲಿ, ಒಂದೇ ಶ್ರುತಿಯಲ್ಲಿ, ಹೊಲಿಗೆ ಇಲ್ಲದೆ. ಕೊನೆಯ ಸ್ವರವನ್ನು ಒತ್ತಿ ಹಿಡಿದಿದ್ದೇನೆ. ದನಿಯನ್ನು ಮೆಲ್ಲಗೆ ಕರಗಿಸಿಲ್ಲ, ಗುಂಗು ಸೇರಿಸಿಲ್ಲ. ಎಂಟನೇ ಸೆಕೆಂಡಿಗೆ ಟೇಪು ಮುಗಿಯುತ್ತದೆ.