ಆಸ್ಪತ್ರೆಯಿಂದ ಕೇಸ್ ಶೀಟ್ ಕೇಳುವವರಿಗೆ

ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದ ಮಾತ್ರಕ್ಕೆ ದಾಖಲೆ ಪೂರ್ತಿ ಸಿಕ್ಕಿತೆಂದು ತಿಳಿಯಬೇಡಿ, ಅದು ಬರೀ ಸಾರಾಂಶ. ವಿಮೆಯ ತಕರಾರಿಗೂ ಬೇರೆ ಡಾಕ್ಟರರ ಅಭಿಪ್ರಾಯಕ್ಕೂ ಬೇಕಾಗುವುದು ಒಳಗಿನ ಕೇಸ್ ಶೀಟ್: ನರ್ಸ್‌ಗಳ ಚಾರ್ಟು, ಮದ್ದು ಕೊಟ್ಟ ಹೊತ್ತು, ಆಪರೇಷನ್ ಮತ್ತು ಅರಿವಳಿಕೆಯ ಟಿಪ್ಪಣಿ, ಸಹಿ ಹಾಕಿದ ಒಪ್ಪಿಗೆ ಪತ್ರ. ಅರ್ಜಿಯಲ್ಲಿ ಒಂದೊಂದನ್ನೂ ಹೆಸರಿಸಿ. ‘ದಾಖಲೆ ಕೊಡಿ’ ಎಂದಷ್ಟೇ ಬರೆದರೆ ಮತ್ತೆ ಸಮ್ಮರಿಯ ಝೆರಾಕ್ಸೇ ಬರಬಹುದು. ಸ್ಕ್ಯಾನ್ ಆಗಿದ್ದರೆ ರಿಪೋರ್ಟಿನ ಜೊತೆ ಸಿಡಿಯನ್ನೂ ಕೇಳಿ.

ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಂತೆ ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಕಾಸರಗೋಡಾದರೂ ಮಂಗಳೂರಾದರೂ ಇದು ಒಂದೇ. ಆದರೆ ಬಾಯಿಮಾತಿನಲ್ಲಿ ಕೇಳಿದರೆ ಕೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಅರ್ಜಿ ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಗೆ ತಾರೀಕು, ಸಮಯ, ಸೀಲು ಹಾಕಿಸಿಕೊಳ್ಳಿ. ಐಪಿ ನಂಬರ್ (ಒಳರೋಗಿಯ ದಾಖಲಾತಿ ಸಂಖ್ಯೆ) ಬರೆಯಲು ಮರೆಯಬೇಡಿ. ಮನೆಯವರು ಹೋಗುವುದಾದರೆ ರೋಗಿಯ ಸಹಿಯ ಅಧಿಕಾರ ಪತ್ರ, ಇಬ್ಬರ ಗುರುತಿನ ಚೀಟಿ ಜೊತೆಗಿರಲಿ. ಅರ್ಜಿ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಒಳರೋಗಿಗಳ ದಾಖಲೆ ಇಡಬೇಕಾದದ್ದು 3 ವರ್ಷ, ಅದೂ ಚಿಕಿತ್ಸೆ ಶುರುವಾದ ದಿನದಿಂದ. ಡಿಸ್ಚಾರ್ಜ್ ದಿನದಿಂದ ಲೆಕ್ಕ ಹಾಕಿ ತಡಮಾಡಬೇಡಿ. ಒಪಿ ಚೀಟಿಗಳನ್ನಂತೂ ನೀವೇ ಜೋಪಾನ ಮಾಡಬೇಕು.

ದಾಖಲೆ ಸಿಗದೆ ದೂರು ಕೊಡುವಾಗ ಮಾತ್ರ ರಾಜ್ಯದ ಗಡಿ ಅಡ್ಡ ಬರುತ್ತದೆ: ಕಾಸರಗೋಡಿನ ಆಸ್ಪತ್ರೆಗೆ ಕೇರಳದ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ ಕಾಯ್ದೆ, ಮಂಗಳೂರಿನ ಖಾಸಗಿ ಆಸ್ಪತ್ರೆಗೆ ಕರ್ನಾಟಕದ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ. ಮತ್ತೊಂದು, ಒಪ್ಪಿಗೆ ಪತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಂಡೇ ಸಹಿ ಹಾಕಿ.