ತ್ರೀ ನಾಟ್ ತ್ರೀಯ ತಮ್ಮನೊಡನೆ

ಬೆಂಗಳೂರಿನ ಕಾಲೇಜೊಂದರಲ್ಲಿ ನಾನು ಎನ್‌ಸಿಸಿ ಕೆಡೆಟ್ ಆಗಿದ್ದಾಗ ಪರೇಡಿಗೆಂದು ನಮ್ಮ ಕೈಗೆ ಕೊಡುತ್ತಿದ್ದುದು ಗುಂಡು ಹಾರದಂತೆ ಮಾಡಿದ್ದ ಹಳೆಯ ತ್ರೀ ನಾಟ್ ತ್ರೀ ರೈಫಲ್, ಅಂದರೆ .303 ಇಂಚು ಬೋರಿನ (ನಳಿಗೆಯ ಒಳ ಅಳತೆಯ) ಲೀ-ಎನ್‌ಫೀಲ್ಡ್ ಎಂಬ ಬ್ರಿಟಿಷ್ ಸೇನಾ ಕೋವಿ. ಸುಮಾರು 4 ಕಿಲೋ ತೂಕದ ಆ ಕೋವಿಯನ್ನು ಹೆಗಲಿಗೇರಿಸಿಕೊಂಡು ಮೈದಾನ ಸುತ್ತಿದ ನಮಗೆ ನಿಜವಾಗಿ ಗುರಿ ಹಿಡಿಯಲು ಸಿಗುತ್ತಿದ್ದುದು ಸಣ್ಣ ಬೋರಿನ ಪಾಯಿಂಟ್ ಟೂ ಟೂ ರೈಫಲ್ ಮಾತ್ರ. ಹೊತ್ತದ್ದು ಒಂದು, ಹಾರಿಸಿದ್ದು ಇನ್ನೊಂದು ಎಂಬ ಆ ಕೊರತೆ ಇಪ್ಪತ್ತು ವರ್ಷ ಮನಸ್ಸಿನಲ್ಲೇ ಉಳಿದು, ಕೊನೆಗೆ ರೈಫಲ್ ಕ್ಲಬ್ಬೊಂದರ ಸದಸ್ಯನಾಗಿ, ಗುರಿ ಅಭ್ಯಾಸದ ಕಾರಣವನ್ನೇ ನಮೂದಿಸಿ, ನಗರ ಪೊಲೀಸ್ ಆಯುಕ್ತರ ಕಚೇರಿಗೆ ಪರವಾನಗಿಯ ಅರ್ಜಿ ಸಲ್ಲಿಸುವವರೆಗೆ ನನ್ನನ್ನು ಎಳೆದು ತಂದಿತು.

ತ್ರೀ ನಾಟ್ ತ್ರೀಯನ್ನೇ ಕೊಳ್ಳುವ ಆಸೆ ಮೊದಲ ದಿನವೇ ಮುರಿಯಿತು. ಅದು ನಮ್ಮ ಕಾನೂನಿನಲ್ಲಿ ಪ್ರೊಹಿಬಿಟೆಡ್ ಬೋರ್, ಅಂದರೆ ನಿಷೇಧಿತ ಅಳತೆಯ ಕೋವಿ. ಸಾಮಾನ್ಯ ಪರವಾನಗಿದಾರನಿಗೆ ಸಿಗುವಂಥದ್ದಲ್ಲ. ಅಸಲಿ ಇಲ್ಲದಿದ್ದರೆ ಪ್ರತಿರೂಪವಾದರೂ ಆದೀತೇ ಎಂದರೆ, ಇಟಲಿಯ ಗಾರ್ದೊನೆ ವಾಲ್ ತ್ರೋಂಪಿಯಾದಲ್ಲಿ ಹಳೆಯ ಸೇನಾ ಕೋವಿಗಳ ಹೊಸ ಪ್ರತಿರೂಪಗಳು ಇಂದಿಗೂ ತಯಾರಾಗುತ್ತವೆ. ಬಾಯಿಂದ ಮದ್ದು ತುಂಬುವ, 1853ರ ಎನ್‌ಫೀಲ್ಡ್ ಎಂಬ ಬ್ರಿಟಿಷ್ ಸೇನಾ ಕೋವಿಯ ಪ್ರತಿರೂಪಗಳನ್ನು ಬರ್ಮಿಂಗ್‌ಹ್ಯಾಮ್‌ನ ಪಾರ್ಕರ್ ಹೇಲ್ ಕಂಪನಿಯೂ ಮಾಡುತ್ತಿತ್ತು. ಇಂಥ ಕೋವಿಗಳ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಅಸಲಿ ಕೋವಿಗೆ ಒಂದು ವಿಭಾಗ, ಪ್ರತಿರೂಪಕ್ಕೆ ಇನ್ನೊಂದು ವಿಭಾಗವೇ ಇದೆ. ಆದರೆ ನನ್ನಂಥವನಿಗೆ ಅವನ್ನು ಇಲ್ಲಿಗೆ ತರಿಸಿಕೊಳ್ಳುವ ದಾರಿಯಿಲ್ಲ. ನಮಗೆ ದಕ್ಕುವ ಪ್ರತಿರೂಪವೆಂದರೆ ಕೋಲ್ಕತ್ತದ ಬಳಿಯ ಇಶಾಪುರ ರೈಫಲ್ ಕಾರ್ಖಾನೆಯ ಪಾಯಿಂಟ್ ತ್ರೀ ಒನ್ ಫೈವ್ ಸ್ಪೋರ್ಟಿಂಗ್ ರೈಫಲ್. ಇದೇ ಕಾರ್ಖಾನೆ ಸೈನ್ಯಕ್ಕಾಗಿ ಲೀ-ಎನ್‌ಫೀಲ್ಡ್‌ಗಳನ್ನು ತಯಾರಿಸಿದ್ದು, 1960ರ ದಶಕದಲ್ಲಿ ಅದೇ ಮಾದರಿಯನ್ನು 7.62 ಮಿ.ಮೀ. ತೋಟಾಕ್ಕೆ ಹೊಂದಿಸಿದ್ದು. ಹಾಗಾಗಿ ನನ್ನ ಕೋವಿಯನ್ನು ನಕಲು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅದೇ ಮನೆಯಲ್ಲಿ ಹುಟ್ಟಿದ ತಮ್ಮ ಎನ್ನುತ್ತೇನೆ.

ಈ ತಮ್ಮನ ತೋಟಾದ ಕಥೆಯೂ ವಿಚಿತ್ರವೇ. ಬ್ರಿಟಿಷರ ಕಾಲದಲ್ಲಿ ಸೈನ್ಯದ ತೋಟಾ ನಾಗರಿಕರ ಕೈಗೆ ಸಿಗಬಾರದೆಂಬ ನಿರ್ಬಂಧವಿದ್ದುದರಿಂದ, .303ರ ಬದಲು ಇಲ್ಲಿನ ಬೇಟೆಗಾರರಿಗೆ ಒದಗಿದ್ದು 8 ಮಿ.ಮೀ. ಮ್ಯಾನ್ಲಿಕರ್ ತೋಟಾ, ಇಂಚಿನ ಲೆಕ್ಕದಲ್ಲಿ ಅದೇ .315. ಅದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಸ್ಟ್ರಿಯಾ-ಹಂಗರಿಯ ಸೈನ್ಯಕ್ಕೆಂದು ರೂಪುಗೊಂಡದ್ದು. ಒಂದು ಸೈನ್ಯದ ತೋಟಾವನ್ನು ನಿಷೇಧಿಸಿ ಇನ್ನೊಂದು ಸೈನ್ಯದ್ದನ್ನು ಕೊಟ್ಟ ಹಾಗಾಯಿತು. ಆ ಇನ್ನೊಂದು ಸಾಮ್ರಾಜ್ಯ 1918ರಲ್ಲೇ ಇಲ್ಲವಾದರೂ ಅದರ ತೋಟಾವನ್ನು ಭಾರತದ ಅಂಗಡಿಗಳಲ್ಲಿ ನಾವು ಇನ್ನೂ ಕೊಳ್ಳುತ್ತಿದ್ದೇವೆ.

ಎರಡು ತೋಟಾಗಳಿಗೂ ಬುಡದಲ್ಲಿ ಹೊರಚಾಚಿದ ಅಂಚು ಇದೆ. ನನ್ನ ಮೊದಲ ಎಡವಟ್ಟು ನಡೆದದ್ದೂ ಅಲ್ಲಿಯೇ. ರೇಂಜಿನಲ್ಲಿ ಮೊದಲ ದಿನ ಉತ್ಸಾಹದಿಂದ ಮ್ಯಾಗಜೀನ್ ತುಂಬಿಸಿ, ತೋಟಾವನ್ನು ನಳಿಗೆಗೆ ಸೇರಿಸುವ ಸರಳಾದ ಬೋಲ್ಟನ್ನು ಮುಂದಕ್ಕೆ ನೂಕಿದರೆ, ಅದು ಅರ್ಧ ದಾರಿಯಲ್ಲೇ ಕಚ್ಚಿಕೊಂಡಿತು. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು; ಹಿಂದಿದ್ದರೆ ಎರಡೂ ಸಿಕ್ಕಿಹಾಕಿಕೊಂಡು ಮೇಲಿನದು ಕದಲುವುದೇ ಇಲ್ಲ. ನಳಿಗೆಯನ್ನು ಗುರಿಹಲಗೆಯ ಕಡೆಗೇ ಇಟ್ಟುಕೊಂಡು, ರೇಂಜ್ ಅಧಿಕಾರಿಯನ್ನು ಕರೆದು, ಎಲ್ಲವನ್ನೂ ಖಾಲಿ ಮಾಡಿ ಮತ್ತೆ ಒಂದೊಂದಾಗಿ ತುಂಬಿಸುವಷ್ಟರಲ್ಲಿ ನನ್ನ ಸರದಿಯ ಅರ್ಧ ಸಮಯ ಮುಗಿದಿತ್ತು. ಅಂದಿನಿಂದ ಪ್ರತಿ ತೋಟಾವನ್ನು ಹಿಂದಿನದರ ಮೇಲೆ ಜಾರಿಸುವಾಗ ಹೆಬ್ಬೆರಳಿನಲ್ಲಿ ಅಂಚನ್ನು ಮುಟ್ಟಿ ನೋಡುವುದು ಅಭ್ಯಾಸವಾಗಿದೆ.

ಬೋಲ್ಟಿನ ನಡೆಯನ್ನು ಕಲಿಯಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ಮೌಸರ್ ಮಾದರಿಯ ಬಹುತೇಕ ರೈಫಲ್‌ಗಳಲ್ಲಿ ಬೋಲ್ಟಿನ ಹಿಡಿಕೆಯನ್ನು ಮೇಲೆತ್ತುವಾಗಲೇ ತೋಟಾ ಸಿಡಿಸುವ ಸ್ಪ್ರಿಂಗ್ ಬಿಗಿಯಾಗುತ್ತದೆ. ನನ್ನದರಂಥ ಲೀ-ಎನ್‌ಫೀಲ್ಡ್ ಮಾದರಿಯಲ್ಲಿ ಅದು ಬಿಗಿಯಾಗುವುದು ಬೋಲ್ಟನ್ನು ಮುಂದಕ್ಕೆ ನೂಕುವ ಕೊನೆಯ ಹಂತದಲ್ಲಿ. ಆದ್ದರಿಂದ ಎತ್ತುವುದು ಬಹಳ ಹಗುರ, ನೂಕುವುದು ಭಾರ. ಹಿಂಜರಿಯುತ್ತ ಮೆಲ್ಲಗೆ ನೂಕಿದರೆ ಆ ಭಾರವೇ ಎದುರಾಗಿ ನಿಂತು, ಕೋವಿಯ ಹಿಂಬದಿಯ ಬಟ್ ಭುಜದಿಂದ ಜಾರುತ್ತದೆ. ಮನೆಯಲ್ಲಿ ಕೋವಿ ಖಾಲಿಯೆಂದು ಎರಡು ಬಾರಿ ನೋಡಿ, ನಿಜವಾದ ತೋಟಾಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟು, ಡಮ್ಮಿ ತೋಟಾಗಳೊಂದಿಗೆ ದಿನಕ್ಕೆ ಹದಿನೈದು ನಿಮಿಷದಂತೆ ಮೂರು ತಿಂಗಳು ಅಭ್ಯಾಸ ಮಾಡಿದ ಮೇಲಷ್ಟೇ ಕೆನ್ನೆಯನ್ನು ಮರದಿಂದ ಎತ್ತದೆ ಎರಡನೆಯ ಗುಂಡಿಗೆ ಸಿದ್ಧನಾಗಲು ನನಗೆ ಸಾಧ್ಯವಾಯಿತು. ತೋಟಾದ ಬೆಲೆ ನೋಡಿದರೆ ಬೇರೆ ದಾರಿಯೂ ಇರಲಿಲ್ಲ.

ಇನ್ನು ನಾನು ಮಾಡಹೊರಟಿದ್ದ ಮೂರ್ಖತನದ ವಿಷಯ. ಸೈನ್ಯದ ರೈಫಲ್‌ಗೆ ನಳಿಗೆಯ ತುದಿಯವರೆಗೂ ಮರದ ಹೊದಿಕೆ ಇರುತ್ತದೆ. ನನ್ನದಕ್ಕೆ ಗಿಡ್ಡ ಮರ. ಅದನ್ನು ಬದಲಿಸಿ, ಉದ್ದದ ಮರ ಹಾಕಿಸಿ, ನೋಡಲು ತದ್ರೂಪು ತ್ರೀ ನಾಟ್ ತ್ರೀಯಂತೆ ಮಾಡಿಸಬೇಕೆಂದು ಹಟ ಹಿಡಿದು, ಪರವಾನಗಿ ಹೊಂದಿದ ಹಿರಿಯ ಕೋವಿ ರಿಪೇರಿಗಾರರೊಬ್ಬರ ಬಳಿ ಹೋದೆ. ಅವರು ರೈಫಲ್ ತೆಗೆದುಕೊಂಡು ಮರವನ್ನು ಅಲುಗಾಡಿಸಿ ನೋಡಿ, “ಸಾರ್, ಉದ್ದದ ಮರ ಆಮೇಲೆ. ಇರೋ ಗಿಡ್ಡ ಮರಾನೇ ಸರಿಯಾಗಿ ಕೂತಿಲ್ಲ” ಎಂದರು.

ಆವರೆಗೆ ನನ್ನನ್ನು ಕಾಡುತ್ತಿದ್ದ ಒಗಟು ಆ ಮಾತಿನಿಂದ ಬಿಡಿಸಿಕೊಂಡಿತು. ಮಾರ್ಚಿನಲ್ಲಿ ಗುರಿಯ ನಡುವಿಗೆ ಬೀಳುತ್ತಿದ್ದ ಗುಂಡುಗಳು ಜುಲೈ ಬಂದೊಡನೆ ಎಡಕ್ಕೆ ಸರಿಯುತ್ತಿದ್ದವು. ನಾನು ನನ್ನ ಉಸಿರನ್ನೂ ಕುದುರೆ ಎಳೆಯುವ ಬೆರಳನ್ನೂ ಬೈದುಕೊಳ್ಳುತ್ತಿದ್ದೆ. ನಿಜದಲ್ಲಿ ನಮ್ಮೂರಿನ ಮಳೆಗಾಲದ ತೇವಕ್ಕೆ ಮರ ಉಬ್ಬಿ, ನಳಿಗೆಯ ಒಂದು ಪಕ್ಕಕ್ಕೆ ಒತ್ತುತ್ತಿತ್ತು. ಜೊತೆಗೆ ಗುಂಡು ಹಾರಿದಾಗಿನ ಹಿನ್ನೂಕನ್ನು ತಡೆಯುವ, ಬೋಲ್ಟಿನ ಮನೆಯ ಕೆಳಗಿನ ಮರದ ಮೈ ನಾನು ಸುರಿದ ಎಣ್ಣೆ ಕುಡಿದು ಮೆತ್ತಗಾಗಿತ್ತು. ಲೀ-ಎನ್‌ಫೀಲ್ಡ್‌ನ ತೆಳುವಾದ ನಳಿಗೆಗೆ ಮರ ಎಲ್ಲಿ ತಾಗಬೇಕು, ಎಲ್ಲಿ ತಾಗಬಾರದು ಎಂಬುದೇ ದೊಡ್ಡ ವಿದ್ಯೆ. ಸೈನ್ಯದ ಲೀ-ಎನ್‌ಫೀಲ್ಡ್‌ನ ಮಾರ್ಕ್ ತ್ರೀ ಮಾದರಿಯಲ್ಲಿ ನಳಿಗೆಯ ತುದಿಯನ್ನು ಕೆಳಗಿನಿಂದ ಒತ್ತಿ ಹಿಡಿಯಲೆಂದೇ ಪುಟ್ಟ ಸ್ಪ್ರಿಂಗ್ ಇಟ್ಟಿದ್ದಾರೆ. ಅಷ್ಟುದ್ದದ ಮರವನ್ನು ಅಂದಾಜಿನಲ್ಲಿ ಜೋಡಿಸಿದ್ದರೆ ನನ್ನ ಕೋವಿ ಗೋಡೆಗೆ ನೇತುಹಾಕಲಷ್ಟೇ ಯೋಗ್ಯವಾಗುತ್ತಿತ್ತು. ರಿಪೇರಿಗಾರರು ಮೆತ್ತಗಾದ ಭಾಗಕ್ಕೆ ಗಟ್ಟಿಮರದ ತುಂಡು ಕೂರಿಸಿ, ನಳಿಗೆಗೆ ಒತ್ತುತ್ತಿದ್ದಲ್ಲಿ ತೆಳ್ಳಗೆ ಹೆರೆದರು. ಅದಕ್ಕೂ ಮೊದಲು ತೆರೆದ ಸೈಟ್‌ನಲ್ಲಿ, 100 ಮೀಟರ್ ದೂರದಲ್ಲಿ, ಐದು ಗುಂಡುಗಳು ಒಂದು ಗೇಣಿನಷ್ಟು ಹರಡುತ್ತಿದ್ದವು. ಈಗ ಒಳ್ಳೆಯ ದಿನ ಅಂಗೈ ಅಗಲದಲ್ಲಿ ನಿಲ್ಲುತ್ತವೆ. ಉದ್ದದ ಮರದ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಎಣ್ಣೆಯ ವಿಷಯದಲ್ಲಿ ನನ್ನ ತಪ್ಪು ಎರಡೂ ಕಡೆಗಿದೆ. ಮರಕ್ಕೆ ಅತಿಯಾಗಿ ಹಾಕಿದವನು ನಾನೇ, ಲೋಹಕ್ಕೆ ಹಾಕಲು ಮರೆತವನೂ ನಾನೇ. ಚುನಾವಣೆ ಘೋಷಣೆಯಾದರೆ ಪರವಾನಗಿಯ ಕೋವಿಯನ್ನು ಠಾಣೆಯಲ್ಲಿ ಜಮಾ ಮಾಡಿ ರಸೀದಿ ಪಡೆಯಬೇಕೆಂಬ ಸೂಚನೆ ಬರುತ್ತದೆ. 2023ರ ವಿಧಾನಸಭಾ ಚುನಾವಣೆಗೆ ಅವಸರದಲ್ಲಿ ಒಣಗಿದ ಕೋವಿಯನ್ನೇ ಚೀಲಕ್ಕೆ ಹಾಕಿ ಕೊಟ್ಟುಬಂದೆ. ವಾಪಸು ಬಂದಾಗ ನಳಿಗೆಯ ಮೇಲೆ ಸಾಸಿವೆ ಗಾತ್ರದ ತುಕ್ಕಿನ ಚುಕ್ಕೆಗಳು. 2024ರ ಲೋಕಸಭಾ ಚುನಾವಣೆಗೆ ಕೊಡುವ ಮುನ್ನ ಎನ್‌ಸಿಸಿಯಲ್ಲಿ ಕಲಿಸಿದಂತೆಯೇ ಪುಲ್‌ಥ್ರೂಗೆ (ನಳಿಗೆ ಒರೆಸುವ ಹಗ್ಗಕ್ಕೆ) ಎಣ್ಣೆಯ ಚಿಂದಿ ಕಟ್ಟಿ ಎಳೆದು, ಹೊರಮೈಗೂ ಸವರಿದ್ದೆ, ಏನೂ ಆಗಲಿಲ್ಲ. ಮರಳಿ ಹಾರಿಸುವ ಮೊದಲು ಆ ಎಣ್ಣೆಯನ್ನು ಒಣಚಿಂದಿಯಲ್ಲಿ ಪೂರ್ತಿ ಒರೆಸಬೇಕು, ಇಲ್ಲದಿದ್ದರೆ ಮೊದಲ ಗುಂಡು ಉಳಿದವುಗಳ ಜೊತೆ ಸೇರುವುದಿಲ್ಲ.

ಆಯುಧಪೂಜೆಯಂದು ಅಮ್ಮ ಬೋಲ್ಟಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು; ಒದ್ದೆ ಕುಂಕುಮ ರಾತ್ರಿಯಿಡೀ ಉಳಿದು ಅಲ್ಲಿಯೂ ಒಂದು ಕಲೆ ಬಿದ್ದಿದೆ. ಈಗ ನಮ್ಮಿಬ್ಬರ ನಡುವೆ ಒಪ್ಪಂದವಾಗಿದೆ: ಕುಂಕುಮ ಬಟ್ಟಿನ ಮರಕ್ಕೆ, ಹೂವು ಕೋವಿಯ ಪಕ್ಕದಲ್ಲಿ, ನಿಂಬೆಹಣ್ಣು ಸ್ಕೂಟರಿಗೆ.