ವಾಚಿನ ಲೆಕ್ಕ, ದಿನಚರಿಯ ಲೆಕ್ಕ

ನಿದ್ರೆಯ ಲೆಕ್ಕವಿಡಲೆಂದು ಸ್ಮಾರ್ಟ್‌ವಾಚ್ ಕಟ್ಟಿಕೊಂಡ ಮೊದಲ ತಿಂಗಳು ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಆ್ಯಪ್ ತೆರೆದು ಅಂಕ ನೋಡುತ್ತಿದ್ದೆ. ಅದು 80 ದಾಟಿದ್ದರೆ ಹುರುಪು. 60ರ ಆಸುಪಾಸಿನಲ್ಲಿದ್ದರೆ, ಚೆನ್ನಾಗಿಯೇ ನಿದ್ರಿಸಿ ಎದ್ದಿದ್ದರೂ, ಮೈ ಭಾರವೆನಿಸುತ್ತಿತ್ತು. ಅಂಕದ ಚಿಂತೆಯೇ ನಿದ್ರೆಯನ್ನು ಕೆಡಿಸುವ ಈ ಸ್ಥಿತಿಗೆ ಸಂಶೋಧಕರು 2017ರಲ್ಲಿ ‘ಆರ್ಥೋಸೋಮ್ನಿಯಾ’ ಎಂದು ಹೆಸರಿಟ್ಟದ್ದು ನನಗೆ ತಿಳಿದದ್ದು ಆಮೇಲೆ.

ನನ್ನ ಕಣ್ಣು ತೆರೆಸಿದ್ದು ಒಂದು ರಾತ್ರಿ. ಎರಡು ಗಂಟೆಗೆ ಎಚ್ಚರವಾದವನು, ಪಕ್ಕದಲ್ಲಿ ಮಲಗಿದವರಿಗೆ ತೊಂದರೆಯಾಗಬಾರದೆಂದು ಮಗ್ಗುಲನ್ನೂ ಬದಲಿಸದೆ, ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಫ್ಯಾನಿನ ಸದ್ದು ಕೇಳುತ್ತ ಮೂರೂವರೆಯವರೆಗೆ ಬಿದ್ದುಕೊಂಡಿದ್ದೆ. ಬೆಳಿಗ್ಗೆ ನೋಡಿದರೆ ಆ ಒಂದೂವರೆ ಗಂಟೆಯೂ ‘ಲಘು ನಿದ್ರೆ’ ಎಂದು ತಿಳಿನೀಲಿ ಪಟ್ಟಿಯಾಗಿ ಮೂಡಿತ್ತು. ನನ್ನ ವಾಚಿಗೆ ತಿಳಿಯುವುದು ಮುಖ್ಯವಾಗಿ ಎರಡೇ ಸಂಗತಿ: ಕೈಯ ಚಲನೆ ಮತ್ತು ಚರ್ಮದ ಮೇಲೆ ಹಸಿರು ಬೆಳಕು ಹಾಯಿಸಿ, ರಕ್ತದ ಹರಿವಿನ ಏರಿಳಿತದಿಂದ ಲೆಕ್ಕ ಹಾಕುವ ಹೃದಯ ಬಡಿತ. ನಿದ್ರೆಯ ಹಂತಗಳನ್ನು ಸರಿಯಾಗಿ ಗುರುತಿಸಬೇಕಾದರೆ ಮೆದುಳಿನ ವಿದ್ಯುತ್ ಅಲೆ, ಕಣ್ಣುಗುಡ್ಡೆಗಳ ಚಲನೆ, ಗಲ್ಲದ ಸ್ನಾಯುವಿನ ಬಿಗಿತ ಇವೆಲ್ಲವನ್ನೂ ಅಳೆಯುವ ಪಾಲಿಸಾಮ್ನೋಗ್ರಫಿ ಎಂಬ ಪರೀಕ್ಷೆ ಬೇಕು. ಹಾಗಾಗಿ ಗಾಢ ನಿದ್ರೆ ಇಷ್ಟು ನಿಮಿಷ, ಕನಸುಗಳು ಹೆಚ್ಚಾಗಿ ಬೀಳುವ ರೆಮ್ ನಿದ್ರೆ ಇಷ್ಟು ನಿಮಿಷ ಎಂದು ಆ್ಯಪ್ ಹೇಳುವುದನ್ನು ನಾನೀಗ ಅಂದಾಜೆಂದೇ ಓದುತ್ತೇನೆ.

ಮರುದಿನದಿಂದ ಹಾಸಿಗೆಯ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಆ್ಯಪ್ ತೆರೆಯುವ ಮುನ್ನವೇ, ಮಲಗಿದ್ದು ಎಷ್ಟಕ್ಕೆ, ಎದ್ದಿದ್ದು ಎಷ್ಟಕ್ಕೆ, ನಡುವೆ ಎಚ್ಚರವಿದ್ದ ನೆನಪು, ಹಿಂದಿನ ದಿನದ ಚುರುಕು, ಕೊನೆಯ ಕಾಫಿ ಮತ್ತು ಊಟದ ವೇಳೆ ಇಷ್ಟನ್ನು ಬರೆಯುತ್ತಿದ್ದೆ. ವಾಚಿನ ಪಟ್ಟಿಯನ್ನು ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲಕ್ಕೆ, ಜಾರದಷ್ಟು ಬಿಗಿಯಾಗಿ ಕಟ್ಟಿದ ಮೇಲೆ ಹೃದಯ ಬಡಿತದ ಗೆರೆ ನಡುನಡುವೆ ಕಡಿದುಹೋಗುವುದೂ ನಿಂತಿತು.

ಆರು ವಾರಗಳ ಬಳಿಕ ಎರಡೂ ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ಅಂಕಕ್ಕೂ ನನ್ನ ದಿನದ ಚುರುಕಿಗೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ಚುರುಕಿಗೆ ಹೊಂದಿಕೊಂಡದ್ದು ರಾತ್ರಿಯ ಹೃದಯ ಬಡಿತ ಮತ್ತು ಮಲಗುವ ಸಮಯ. ಸಾಮಾನ್ಯವಾಗಿ ನಿಮಿಷಕ್ಕೆ 58ರಷ್ಟಿರುವ ಬಡಿತ, ತಡವಾಗಿ ಉಂಡ ರಾತ್ರಿಗಳಲ್ಲಿ 65ರವರೆಗೆ ಏರಿ, ನಡುರಾತ್ರಿ ದಾಟಿದ ಮೇಲಷ್ಟೇ ಇಳಿಯುತ್ತಿತ್ತು. ಸಂಜೆ ಐದರ ಕಾಫಿ ಕುಡಿದ ದಿನ ನಿದ್ರೆ ಹತ್ತುವುದು ತಡವಾಗುತ್ತಿತ್ತು: ಕೆಫೀನಿನ ಅರ್ಧ ಭಾಗ ದೇಹದಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕಾದ್ದರಿಂದ, ರಾತ್ರಿ ಹತ್ತಕ್ಕೂ ಅದರ ಅರ್ಧ ಮೈಯಲ್ಲೇ ಇರುತ್ತದೆ. ಅಲಾರಾಂ ಇಟ್ಟು ನಸುಕಿನಲ್ಲಿ ಎದ್ದ ದಿನಗಳಲ್ಲಿ ರೆಮ್ ಕಡಿಮೆ ತೋರಿಸುತ್ತಿದ್ದುದಕ್ಕೂ ಕಾರಣ ಸಿಕ್ಕಿತು. ಗಾಢ ನಿದ್ರೆ ರಾತ್ರಿಯ ಮೊದಲ ಭಾಗದಲ್ಲಿ ಹೆಚ್ಚು, ರೆಮ್ ಬೆಳಗಿನ ಜಾವಕ್ಕೆ ಹೆಚ್ಚು.

ಈಗ ಬೆಳಗಿನ ಅಂಕದ ನೋಟಿಫಿಕೇಷನ್ ನಿಲ್ಲಿಸಿದ್ದೇನೆ, ಆ್ಯಪ್ ತೆರೆಯುವುದು ಭಾನುವಾರ ಮಾತ್ರ. ರಜೆಯ ದಿನವೂ ಆರಕ್ಕೇ ಏಳುತ್ತೇನೆ. ಮಲಗುವ ಹೊತ್ತಿನ ಏರುಪೇರು ಎರಡು ಗಂಟೆಯಿಂದ ಅರ್ಧ ಗಂಟೆಗೆ ಇಳಿದಿದೆ. ಜೋರು ಗೊರಕೆ, ಉಸಿರುಗಟ್ಟಿ ಎಚ್ಚರವಾಗುವುದು, ಹಗಲಿನಲ್ಲಿ ತಡೆಯಲಾರದ ತೂಕಡಿಕೆ ಇರುವವರು ಮಾತ್ರ ವಾಚಿನ ಅಂಕ ಚೆನ್ನಾಗಿದೆಯೆಂದು ಸುಮ್ಮನಿರದೆ ವೈದ್ಯರನ್ನು ಕಾಣಬೇಕು, ಹೋಗುವಾಗ ಇಂಥದೊಂದು ನೋಟ್‌ಬುಕ್ಕನ್ನೂ ಕೊಂಡೊಯ್ಯಬೇಕು.